ಸೀನಿಗೆ ಮಾತ್ರೆ, ಮೂಗಿಗೆ ಹನಿ, ಸ್ಪ್ರೇಗೆ ಭಯ

ಸಂಜೆ ಹೊತ್ತು ಯಾವುದಾದರೂ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. "ನೆಗಡಿಗೆ ನಾಲ್ಕು ಮಾತ್ರೆ ಕೊಡಿ" ಎನ್ನುವವರು ಒಬ್ಬರಾದರೂ ಬರುತ್ತಾರೆ. ಜ್ವರ ಇದೆಯೇ, ಎಷ್ಟು ದಿನವಾಯಿತು ಎಂದು ಅಂಗಡಿಯವರು ಕೇಳುವುದಿಲ್ಲ. ಬಂದವರೂ ಹೇಳುವುದಿಲ್ಲ. ಶೀಟಿನಿಂದ ಕತ್ತರಿಸಿದ ನಾಲ್ಕು ಮಾತ್ರೆ, ಜೊತೆಗೆ ಮೂಗಿಗೆ ಬಿಟ್ಟುಕೊಳ್ಳುವ ಹನಿಯ ಪುಟ್ಟ ಬಾಟಲಿ ಕೈಗೆ ಬರುತ್ತದೆ. ತಿಂಗಳು ಕಳೆದ ಮೇಲೆ ಅದೇ ಮುಖ, ಅದೇ ಅಂಗಡಿ, ಅದೇ ನೆಗಡಿ.

ವೈರಸ್ಸಿನಿಂದ ಬಂದ ನೆಗಡಿಗೆ ಇಷ್ಟು ನಿಷ್ಠೆ ಇರುವುದಿಲ್ಲ. ಮಾತ್ರೆ ನುಂಗಿದರೂ ನುಂಗದಿದ್ದರೂ ವಾರ, ಹೆಚ್ಚೆಂದರೆ ಹತ್ತು ದಿನದಲ್ಲಿ ಅದು ತನ್ನ ದಾರಿ ಹಿಡಿಯುತ್ತದೆ. ಬೆಳಗ್ಗೆ ಕಾಲು ನೆಲಕ್ಕೆ ಇಡುವಷ್ಟರಲ್ಲಿ ಸಾಲು ಸಾಲು ಸೀನು, ನೀರಿನಂತೆ ಸೋರುವ ಮೂಗು, ಅಂಗುಳಿನಲ್ಲಿ ಕೆರೆಯಲಾಗದ ಕಡಿತ, ಕಣ್ಣು ಕೆಂಪು, ರಾತ್ರಿ ಮಲಗಿದರೆ ಕಟ್ಟಿಕೊಳ್ಳುವ ಹೊಳ್ಳೆ, ಇಷ್ಟೆಲ್ಲ ಇದ್ದೂ ಜ್ವರವಿಲ್ಲ, ಮೈಕೈ ನೋವಿಲ್ಲ ಎಂದರೆ ಅದು ಅಲರ್ಜಿ ಎಂದುಕೊಳ್ಳಲು ಸಾಕಷ್ಟು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 2001ರಲ್ಲಿ ಬಂದ ಮಾರ್ಗಸೂಚಿಯೊಂದು ಇದಕ್ಕೆ ಸುಲಭವಾದ ಲೆಕ್ಕ ಕೊಟ್ಟಿದೆ: ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು, ಸತತ ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ತೊಂದರೆ ಇದ್ದರೆ ಅದು ಬಿಡದೆ ಕಾಡುವ ಬಗೆಯ ಅಲರ್ಜಿ. ಮಕ್ಕಳಲ್ಲಾದರೆ ಲೆಕ್ಕವೂ ಬೇಡ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ತಿಕ್ಕಿ ತಿಕ್ಕಿ, ಮೂಗಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಬಿದ್ದಿರುತ್ತದೆ. ಕಣ್ಣಿನ ಕೆಳಗೆ ಕಪ್ಪು. ಬಾಯಿ ತೆರೆದು ಮಲಗುವ ಅಭ್ಯಾಸ. ಇಂಥ ಮಗುವನ್ನು ನೋಡಿದರೆ ಅನುಭವಿ ವೈದ್ಯರು ಅರ್ಧ ರೋಗನಿರ್ಣಯವನ್ನು ಬಾಗಿಲಲ್ಲೇ ಮುಗಿಸುತ್ತಾರೆ.

ಈ ಕಾಯಿಲೆಯ ವಿಷಯದಲ್ಲಿ ನಮ್ಮ ಭಯವೆಲ್ಲ ಅದಲುಬದಲಾಗಿದೆ ಎನ್ನುವುದು ನನ್ನ ತಕರಾರು. ಹೆದರಬೇಕಾದ ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತೇವೆ, ಹೆದರಬೇಕಿಲ್ಲದ ಬಾಟಲಿಯನ್ನು ಕಪಾಟಿನಲ್ಲಿ ಬಚ್ಚಿಡುತ್ತೇವೆ.

ಯಾಕೆ ಎಂದು ತಿಳಿಯಬೇಕಾದರೆ ಮೂಗಿನೊಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ನಿರುಪದ್ರವಿ ಪರಾಗವನ್ನೋ ಧೂಳಿನ ಕಣವನ್ನೋ ದೇಹ ಶತ್ರು ಎಂದು ತಪ್ಪಾಗಿ ಗುರುತಿಸಿ, ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಈ ಐಜಿಇಯನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿದ್ದ ಜಪಾನಿ ವಿಜ್ಞಾನಿ ದಂಪತಿ ಇಶಿಝಾಕಾ ಮತ್ತು ಸ್ವೀಡನ್ನಿನ ಇನ್ನೊಂದು ತಂಡ ಬೇರೆ ಬೇರೆಯಾಗಿ ಪತ್ತೆಹಚ್ಚಿದವು. ಈ ಪ್ರತಿಕಾಯಗಳು ಮೂಗಿನ ಒಳಪದರದ ಮಾಸ್ಟ್ ಕೋಶಗಳ ಮೇಲೆ ಅಂಟಿಕೊಂಡು ಕಾಯುತ್ತಿರುತ್ತವೆ. ಪರಾಗ ಬಂದು ತಾಗಿದ ಕೆಲವೇ ನಿಮಿಷಗಳಲ್ಲಿ ಕೋಶದೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಗೆ ಬೀಳುತ್ತದೆ. ಸೀನು, ಕಡಿತ, ಸೋರುವಿಕೆ ಇದರದ್ದೇ ಕೆಲಸ. ಆಟ ಇಲ್ಲಿಗೆ ಮುಗಿಯುವುದಿಲ್ಲ. ನಾಲ್ಕೆಂಟು ಗಂಟೆ ಕಳೆದ ಮೇಲೆ ರಕ್ತದಿಂದ ಬೇರೆ ಬಗೆಯ ಕೋಶಗಳು ಬಂದು ಜಮಾಯಿಸಿ ಒಳಪದರ ಊದಿಕೊಳ್ಳುತ್ತದೆ. ಮೂಗು ಕಟ್ಟುವುದು ಬಹುಪಾಲು ಈ ಊತದಿಂದ. ದಿನಾ ಧೂಳು ಕುಡಿಯುವ ಮೂಗಿನಲ್ಲಿ ಈ ಊತ ಇಳಿಯಲು ಪುರಸೊತ್ತೇ ಇರುವುದಿಲ್ಲ. ಕೊನೆಕೊನೆಗೆ ಚೂರು ಅಗರಬತ್ತಿ ಹೊಗೆ, ಒಗ್ಗರಣೆ ಘಾಟು, ಎಸಿ ಗಾಳಿ ಸಾಕು, ಮೂಗು ಮುನಿಸಿಕೊಳ್ಳುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಗೆ ಯಾರಾದರೂ ಸೀನುತ್ತಾರೆ, ಅದು ಅಲರ್ಜಿಯಲ್ಲ. ಊದಿದ ಮೂಗು ಇನ್ನೊಂದಿಷ್ಟು ಜಾಸ್ತಿ ಸೀನುತ್ತದೆ, ಅಷ್ಟೇ.

ಸೆಟ್ರಿಜಿನ್, ಲೆವೊಸೆಟ್ರಿಜಿನ್, ಫೆಕ್ಸೊಫೆನಡಿನ್‌ನಂಥ ಮಾತ್ರೆಗಳು ಹಿಸ್ಟಮಿನ್ನನ್ನು ತಡೆಯುತ್ತವೆ. ಸೀನು ನಿಲ್ಲುತ್ತದೆ, ಕಡಿತ ತಗ್ಗುತ್ತದೆ. ಊತದ ಮೇಲೆ ಅವುಗಳ ಪ್ರಭಾವ ಕಡಿಮೆ. ಹಾಗಾಗಿಯೇ "ಮಾತ್ರೆ ತಗೊಂಡ್ರೆ ಸೀನು ನಿಲ್ಲುತ್ತೆ, ಮೂಗು ಮಾತ್ರ ಬಿಡಲ್ಲ" ಎಂಬ ದೂರು. ಹಳೆಯ ಕಾಲದ ಕ್ಲೋರ್‌ಫೆನಿರಮಿನ್, ಫೆನಿರಮಿನ್ ಮಾತ್ರೆಗಳು ತೂಕಡಿಕೆ ತರುತ್ತವೆ. ಅದನ್ನು ನುಂಗಿ ಗಾಡಿ ಓಡಿಸಬಾರದು. ಹೊಸ ತಲೆಮಾರಿನ ಮಾತ್ರೆಗಳಲ್ಲಿ ತೂಕಡಿಕೆ ಕಡಿಮೆ, ಫೆಕ್ಸೊಫೆನಡಿನ್‌ನಲ್ಲಿ ತೀರಾ ಕಡಿಮೆ. ಅದನ್ನು ಮೋಸಂಬಿ, ಕಿತ್ತಳೆ, ಸೇಬಿನ ರಸದ ಜೊತೆ ತೆಗೆದುಕೊಳ್ಳಬೇಡಿ. ಹಣ್ಣಿನ ರಸ ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ, ನೀರೇ ಸರಿ. ತಿಂಗಳುಗಟ್ಟಲೆ ದಿನಾ ಸೆಟ್ರಿಜಿನ್ ನುಂಗಿ ಒಮ್ಮೆಲೇ ನಿಲ್ಲಿಸಿದವರಲ್ಲಿ ಕೆಲವರಿಗೆ ಮೈಯೆಲ್ಲ ವಿಪರೀತ ತುರಿಕೆ ಬರುವುದುಂಟು. ಅಪರೂಪವಾದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಲೆವೊಸೆಟ್ರಿಜಿನ್ ಜೊತೆ ಮೊಂಟೆಲುಕಾಸ್ಟ್ ಬೆರೆಸಿದ ಮಾತ್ರೆ ನಮ್ಮಲ್ಲಿ ಪೆಪ್ಪರ್‌ಮಿಂಟಿನಷ್ಟು ಸಲೀಸಾಗಿ ಸಿಗುತ್ತದೆ. ಆ ಮೊಂಟೆಲುಕಾಸ್ಟ್ ಕೆಲವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಕೆಟ್ಟ ಕನಸು, ಸಿಡಿಮಿಡಿ, ಖಿನ್ನತೆ ತರಬಹುದು ಎಂದು 2020ರಲ್ಲೇ ಅದೇ ಸಂಸ್ಥೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಔಷಧದ ಮಾಹಿತಿ ಪತ್ರದಲ್ಲಿ ಹಾಕಿಸಿತು. ಇದನ್ನು ಪೇಟೆಯಲ್ಲಿ ಎಷ್ಟು ಜನ ಕೇಳಿದ್ದಾರೆ?

ಈಗ ಜೇಬಿನಲ್ಲಿರುವ ಬಾಟಲಿಗೆ ಬರೋಣ. ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಎಂಬ ಹೆಸರುಗಳು ಸಣ್ಣಕ್ಷರದಲ್ಲಿ ಇರುತ್ತವೆ, ಓದಿ ನೋಡಿ. ಎರಡು ಹನಿ ಬಿಟ್ಟರೆ ಮೂಗಿನ ರಕ್ತನಾಳಗಳು ಬಿಗಿದುಕೊಂಡು, ಐದು ನಿಮಿಷದಲ್ಲಿ ಹೊಳ್ಳೆ ಬಯಲಾಗುತ್ತದೆ. ಅಷ್ಟು ಸುಖ ಬೇರೆ ಯಾವ ಔಷಧವೂ ಕೊಡುವುದಿಲ್ಲ. ತೊಂದರೆ ಅಲ್ಲೇ. ಮೂರು ದಿನ, ಬಹಳವೆಂದರೆ ಐದು ದಿನ ದಾಟಿತೆಂದರೆ ಔಷಧದ ಪ್ರಭಾವ ಇಳಿಯುತ್ತಿದ್ದಂತೆ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ, ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮತ್ತೆ ಎರಡು ಹನಿ. ಆಮೇಲೆ ನಾಲ್ಕು ಗಂಟೆಗೊಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ. ಮೀಟರ್ ಬಡ್ಡಿಗೆ ಸಾಲ ತಂದವನ ಕಥೆ ಇದು: ಅಸಲು ಹಾಗೇ ಇರುತ್ತದೆ, ಬಡ್ಡಿ ಕಟ್ಟುವುದಕ್ಕೇ ಬದುಕು ಸರಿಹೋಗುತ್ತದೆ. ದಿಂಬಿನ ಕೆಳಗೆ ಒಂದು, ಆಫೀಸ್ ಬ್ಯಾಗಿನಲ್ಲಿ ಒಂದು, ಗಾಡಿಯ ಡಿಕ್ಕಿಯಲ್ಲಿ ಒಂದು ಬಾಟಲಿ ಇಟ್ಟುಕೊಂಡವರನ್ನು ಇಎನ್‌ಟಿ ವೈದ್ಯರು ದಿನಾ ನೋಡುತ್ತಾರೆ. ಆ ಹೊತ್ತಿಗೆ ಮೂಲ ಅಲರ್ಜಿ ಎಷ್ಟು, ಹನಿಯಿಂದ ಬಂದ ಕಾಯಿಲೆ ಎಷ್ಟು ಎಂದು ಬಿಡಿಸುವುದೂ ಕಷ್ಟವಾಗಿರುತ್ತದೆ. ಬಿಡುವ ದಾರಿ ಇದೆ. ಹನಿಯನ್ನು ನಿಲ್ಲಿಸಿ ಅದರ ಜಾಗಕ್ಕೆ ಸ್ಟೀರಾಯ್ಡ್ ಸ್ಪ್ರೇ ತರುತ್ತಾರೆ. ಕೆಲವರು ಮೊದಲು ಒಂದು ಹೊಳ್ಳೆಗೆ ಮಾತ್ರ ನಿಲ್ಲಿಸಿ, ಅದು ತೆರೆದುಕೊಂಡ ಮೇಲೆ ಇನ್ನೊಂದಕ್ಕೆ ನಿಲ್ಲಿಸಲು ಹೇಳುತ್ತಾರೆ. ಒಂದೆರಡು ವಾರ ನಿದ್ದೆ ಕೆಡುತ್ತದೆ, ತಡೆದುಕೊಳ್ಳಬೇಕು.

ಸ್ಟೀರಾಯ್ಡ್ ಎಂದ ಕೂಡಲೇ ಮನೆಯ ಹಿರಿಯರು ಕೈ ಹಿಂದೆಳೆದುಕೊಳ್ಳುತ್ತಾರೆ. "ಅಯ್ಯೋ, ಅದು ಬೇಡಪ್ಪ, ಮೂಳೆ ಸವೆಯುತ್ತೆ, ಮುಖ ಊದುತ್ತೆ." ಮಾತು ಸುಳ್ಳಲ್ಲ, ಆದರೆ ಅದು ವರ್ಷಗಟ್ಟಲೆ ನುಂಗುವ ಮಾತ್ರೆಯ ಮಾತು. ಫ್ಲುಟಿಕಸೋನ್ ಸ್ಪ್ರೇಯ ಒಂದು ಒತ್ತಿಗೆ ಬರುವುದು 50 ಮೈಕ್ರೋಗ್ರಾಂ. ಎರಡೂ ಹೊಳ್ಳೆಗೆ ಎರಡೆರಡು ಒತ್ತಿದರೂ ದಿನಕ್ಕೆ 200 ಮೈಕ್ರೋಗ್ರಾಂ. ಉಬ್ಬಸ ಜೋರಾದಾಗ ಕೊಡುವ ಪ್ರೆಡ್ನಿಸೊಲೋನಿನ ಒಂದು ಸಣ್ಣ ಮಾತ್ರೆಯಲ್ಲೇ 5 ಮಿಲಿಗ್ರಾಂ, ಎಂದರೆ 5,000 ಮೈಕ್ರೋಗ್ರಾಂ. ತೂಕಕ್ಕೆ ತೂಕ ಇಟ್ಟು ಹೋಲಿಸುವುದು ಪೂರ್ತಿ ನ್ಯಾಯವಲ್ಲ, ಸ್ಪ್ರೇಯ ಔಷಧ ಹೆಚ್ಚು ಪ್ರಬಲವಾದದ್ದು. ಆದರೆ ಅದು ಮೂಗಿನಲ್ಲೇ ಕೆಲಸ ಮಾಡಿ ಮುಗಿಸುತ್ತದೆ. ಫ್ಲುಟಿಕಸೋನ್, ಮೊಮೆಟಸೋನ್ ಸ್ಪ್ರೇಗಳಲ್ಲಿ ರಕ್ತಕ್ಕೆ ಸೇರುವುದು ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಬಿಡದ ಅಲರ್ಜಿಗೆ ಇದಕ್ಕಿಂತ ಪರಿಣಾಮಕಾರಿಯಾದ ಒಂಟಿ ಔಷಧ ಇಲ್ಲ ಎನ್ನುವುದು ಪ್ರಮುಖ ಮಾರ್ಗಸೂಚಿಗಳ ಒಮ್ಮತ. ಊತ ಇಳಿಸುವ ಕೆಲಸ ಇದರದ್ದು. ದೋಷವೇ ಇಲ್ಲವೆಂದಲ್ಲ: ಮೂಗು ಒಣಗಬಹುದು, ಆಗೀಗ ನಾಲ್ಕು ಹನಿ ರಕ್ತ ಬರಬಹುದು. ಮಕ್ಕಳಿಗೆ ಕೊಡುವಾಗ ಕನಿಷ್ಠ ಪ್ರಮಾಣವಿರಬೇಕು, ವೈದ್ಯರು ಎತ್ತರ ಅಳೆಯುತ್ತಿರಬೇಕು. ಕಣ್ಣಿನ ಒತ್ತಡ ಇರುವವರು ಮೊದಲೇ ಹೇಳಬೇಕು.

ವಿಚಿತ್ರವೆಂದರೆ ಸ್ಪ್ರೇಗೆ ಹೆದರುವ ಇದೇ ಜನ "ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಆರು ತಿಂಗಳು ಸೀನೇ ಇಲ್ಲ" ಎಂಬ ಮಾತಿಗೆ ತೋಳು ಮಡಚಿ ಕೂರುತ್ತಾರೆ. ಆ ಸೂಜಿಯಲ್ಲಿ ಇರುವುದು ಬಹುತೇಕ ನಿಧಾನವಾಗಿ ಇಳಿಯುವ ಸ್ಟೀರಾಯ್ಡೇ. ಅದು ಪೂರ್ತಿ ಮೈಗೆ ಹೋಗುತ್ತದೆ, ವಾರಗಟ್ಟಲೆ ಉಳಿಯುತ್ತದೆ, ಸಕ್ಕರೆ ಕಾಯಿಲೆಯವರ ಸಕ್ಕರೆಯನ್ನು ಎತ್ತಿ ಕೂರಿಸುತ್ತದೆ. ಒಮ್ಮೆ ಹಾಕಿದ ಮೇಲೆ ಹಿಂದಕ್ಕೆ ತೆಗೆಯುವ ಉಪಾಯವಿಲ್ಲ. ಹೆಸರು ಕೇಳದೆ ಸೂಜಿ ಚುಚ್ಚಿಸಿಕೊಳ್ಳಬೇಡಿ.

ಸ್ಪ್ರೇ ಬಗ್ಗೆ ಇನ್ನೊಂದು ದೂರು, "ಹೊಡೆದೆ, ಏನೂ ಆಗಲಿಲ್ಲ." ಎರಡು ಕಾರಣಗಳಿರುತ್ತವೆ. ಒಂದು, ಅವಸರ. ಹನಿಯಂತೆ ಇದು ಐದು ನಿಮಿಷದ ಔಷಧವಲ್ಲ. ಪೂರ್ತಿ ಗುಣ ಕಾಣಲು ಒಂದರಿಂದ ಎರಡು ವಾರ ಬೇಕು, ಅದೂ ದಿನ ತಪ್ಪಿಸದೆ ಹೊಡೆದರೆ. ಸೀನು ಬಂದ ದಿನ ಮಾತ್ರ ಹೊಡೆದು ಕಪಾಟಿಗೆ ಸೇರಿಸುವವರೇ ಹೆಚ್ಚು. ಎರಡು, ಹೊಡೆಯುವ ರೀತಿ. ಬಹುಪಾಲು ಜನ ತಲೆ ಹಿಂದಕ್ಕೆ ಎತ್ತಿ, ಮೂಗಿನ ನಡುಗೋಡೆಗೆ ಗುರಿಯಿಟ್ಟು ಹೊಡೆದು, ಗಂಟಲವರೆಗೆ ಸೆಳೆದುಕೊಳ್ಳುತ್ತಾರೆ. ಔಷಧ ಹೊಟ್ಟೆಗೆ, ರಕ್ತ ನಡುಗೋಡೆಯಿಂದ. ಸರಿಯಾದ ಕ್ರಮ ಇಷ್ಟು: ಹೊಸ ಬಾಟಲಿಯಾದರೆ ತುಂತುರು ಸಮವಾಗಿ ಬರುವವರೆಗೆ ಗಾಳಿಗೆ ಕೆಲವು ಸಲ ಒತ್ತಿ. ಸಿಂಬಳ ತೆಗೆದು ಮೂಗು ಖಾಲಿ ಮಾಡಿ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಿಡಿಯಿರಿ, ಆಗ ಮೂತಿ ತಾನಾಗಿ ಕಿವಿಯ ಕಡೆಗೆ, ನಡುಗೋಡೆಯಿಂದ ಆಚೆಗೆ ತಿರುಗುತ್ತದೆ. ಒತ್ತುವಾಗ ಮೆಲ್ಲಗೆ ಉಸಿರೆಳೆದುಕೊಳ್ಳಿ, ನಶ್ಯ ಏರಿಸಿದ ಹಾಗೆ ಜೋರಾಗಿ ಎಳೆಯಬೇಡಿ. ಗಂಟಲಲ್ಲಿ ಕಹಿ ತಗುಲಿತೋ, ಔಷಧ ಇರಬೇಕಾದಲ್ಲಿ ಇಲ್ಲ ಎಂದು ಅರ್ಥ.

ಸ್ಪ್ರೇಗೆ ಹತ್ತು ನಿಮಿಷ ಮೊದಲು ಉಪ್ಪುನೀರಿನಿಂದ ಮೂಗು ತೊಳೆದರೆ ಗುಣ ಹೆಚ್ಚು. ಯೋಗಾಭ್ಯಾಸಿಗಳ ಜಲನೇತಿ ಇದೇ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಎಂದರೆ ಮಟ್ಟಸವಾಗಿ ತುಂಬಿದ ಒಂದೂವರೆ ಟೀ ಚಮಚ. ಔಷಧಿ ಅಂಗಡಿಯಲ್ಲಿ ಸಿದ್ಧ ಪುಡಿಯೂ ಸಿಗುತ್ತದೆ. ಒಂದೇ ಒಂದು ನಿಯಮವನ್ನು ಮುರಿಯಬೇಡಿ: ನಲ್ಲಿ ನೀರು, ಬಾವಿ ನೀರು ನೇರವಾಗಿ ಬೇಡ. ಚೆನ್ನಾಗಿ ಕುದಿಸಿ ಆರಿಸಿದ ನೀರೇ ಆಗಬೇಕು. ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾ ಸೋಂಕು ಅಪರೂಪ, ಬಂದರೆ ಬದುಕುಳಿಯುವವರು ಕಡಿಮೆ. ನೆರೆಯ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಇಂಥ ಪ್ರಕರಣಗಳು ಸುದ್ದಿಯಾಗಿವೆ.

ಇಷ್ಟೆಲ್ಲ ಔಷಧದ ಮಾತಾಯಿತು. ಕಾರಣವನ್ನೇ ದೂರವಿಟ್ಟರೆ ಆಗದೇ ಎಂದು ನೀವು ಕೇಳಬಹುದು. ಆದಷ್ಟು ಆಗುತ್ತದೆ. ಮೊದಲು ಅಪರಾಧಿ ಯಾರು ಎಂದು ಸರಿಯಾಗಿ ಗೊತ್ತಾಗಬೇಕು. ಬೆಂಗಳೂರಿನಲ್ಲಿ ಜನವರಿಯಿಂದ ರಸ್ತೆಗಳ ತುಂಬ ಟಬೂಬಿಯಾ ಗುಲಾಬಿ ಬಣ್ಣದಲ್ಲಿ ಅರಳಿದರೆ ಸೀನುವವರೆಲ್ಲ ಅದನ್ನೇ ದೂರುತ್ತಾರೆ. ಪಾಪದ ಮರ. ಅಷ್ಟು ಚೆಂದದ ಹೂವು ಅರಳುವುದು ದುಂಬಿ, ಜೇನುಗಳನ್ನು ಕರೆಯುವುದಕ್ಕೆ. ಅದರ ಪರಾಗ ಭಾರ, ಅಂಟು, ಗಾಳಿಯಲ್ಲಿ ದೂರ ಹಾರುವುದಿಲ್ಲ. ಮೂಗಿಗೆ ಬರುವುದು ನೋಡಲು ಹೂವೆಂದೇ ಅನಿಸದ ಹೂಗಳ, ಗಾಳಿಯಲ್ಲಿ ಹಾರುವ ಪರಾಗ: ಹುಲ್ಲು, ಗರಿಕೆ, ಕಾಡು ಹರಿವೆ, ಗಾಳಿಮರ, ಬಳ್ಳಾರಿ ಜಾಲಿ, ಎಲ್ಲಕ್ಕೂ ಮಿಗಿಲಾಗಿ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಈ ಪಾರ್ಥೇನಿಯಂ ಖಾಲಿ ಸೈಟು, ರೈಲು ಹಳಿ, ರಸ್ತೆ ಬದಿಯನ್ನೆಲ್ಲ ಆವರಿಸಿತು. ಬೆಂಗಳೂರಿನ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮೀಕ್ಷೆ ಮಾಡಿದವರಲ್ಲಿ ನೂರಕ್ಕೆ ಏಳು ಮಂದಿಗೆ ಇದರ ಪರಾಗದಿಂದಲೇ ಮೂಗಿನ ಅಲರ್ಜಿ ಇತ್ತು. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯೊಂದನ್ನು 1983ರಲ್ಲಿ ಬೆಂಗಳೂರಿಗೆ ತರಿಸಿ, ಮರುವರ್ಷ ಬಯಲಿಗೆ ಬಿಡಲಾಯಿತು. ಮಳೆಗಾಲದಲ್ಲಿ ಎಲೆ ತಿಂದು ಗಿಡವನ್ನು ಬೋಳಾಗಿಸುವ ದುಂಬಿ ಈಗಲೂ ಕಾಣಸಿಗುತ್ತದೆ. ಗಿಡವೂ ಕಾಣಸಿಗುತ್ತದೆ. ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು, ಕೈಗವಸು ಹಾಕಿಕೊಂಡು. ಕೀಳುವವರು ಅಲರ್ಜಿ ಇಲ್ಲದವರಾಗಿರಬೇಕು.

ವರ್ಷವಿಡೀ ಕಾಡುವ ಅಲರ್ಜಿಗೆ ಹೊರಗಿನ ಗಿಡಕ್ಕಿಂತ ಒಳಗಿನ ಹಾಸಿಗೆಯೇ ಹೆಚ್ಚು ಕಾರಣ. ಮನೆ ಧೂಳಿನಲ್ಲಿ ಅಲರ್ಜಿ ತರುವುದು ಕಣ್ಣಿಗೆ ಕಾಣದ ನುಸಿ ಎಂದು 1964ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ತೋರಿಸಿದರು. ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಗಾತ್ರ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಊಟ. ಬಾಯಿಂದ ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರುತ್ತದೆ, ಹಾಗಾಗಿ ಕರಾವಳಿ, ಮಲೆನಾಡಿನ ಮನೆಗಳು ಅದಕ್ಕೆ ತವರು. ಮಳೆಗಾಲದ ಬೂಷ್ಟು ಅಲ್ಲಿ ಇನ್ನೊಂದು ಕಾಟ. ನುಸಿಗಿಂತ ಅದರ ಹಿಕ್ಕೆಯೇ ಅಲರ್ಜಿಯ ಮೂಲ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಅಜ್ಜಿಯರ ಪದ್ಧತಿ ನುಸಿಯನ್ನು ಒಣಗಿಸಿ ಕೊಲ್ಲುತ್ತದೆ, ಹಿಕ್ಕೆಯನ್ನು ತೆಗೆಯುವುದಿಲ್ಲ. ಅದಕ್ಕೆ ಒಗೆಯಬೇಕು. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು, ಹಾಸಿಗೆ, ದಿಂಬಿಗೆ ನುಸಿ ನುಸುಳದ ಗವಸು ಹಾಕುವುದು, ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಮಲಗುವ ಕೋಣೆಯಿಂದ ಕಾರ್ಪೆಟ್ಟು, ಹಳೆ ಪುಸ್ತಕದ ರಾಶಿ, ಮಗುವಿನ ಗೊಂಬೆಗಳನ್ನು ಆಚೆ ಹಾಕುವುದು. ಇವುಗಳಲ್ಲಿ ಯಾವುದೋ ಒಂದನ್ನು ಮಾಡಿದರೆ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು ಸಂಶೋಧನೆಗಳು ಹೇಳುತ್ತವೆ. ಎಲ್ಲವನ್ನೂ ಒಟ್ಟಿಗೆ ಮಾಡಬೇಕು, ಔಷಧವನ್ನೂ ಬಿಡಬಾರದು. ಹತ್ತಾರು ಸಾವಿರ ರೂಪಾಯಿಯ ಗಾಳಿ ಶುದ್ಧಿ ಯಂತ್ರ ಕೊಳ್ಳುವ ಮುನ್ನ ದಿಂಬು ಎಷ್ಟು ಹಳೆಯದು ಎಂದು ನೋಡಿ.

ಅಪರಾಧಿಯನ್ನು ಹುಡುಕಲು ಚರ್ಮದ ಪರೀಕ್ಷೆ ಇದೆ. ಮುಂಗೈ ಮೇಲೆ ಒಂದೊಂದು ವಸ್ತುವಿನ ಹನಿಯಿಟ್ಟು ಸಣ್ಣಗೆ ಚುಚ್ಚುತ್ತಾರೆ, ಕಾಲು ಗಂಟೆಯಲ್ಲಿ ಸೊಳ್ಳೆ ಕಚ್ಚಿದಂಥ ದದ್ದು ಏಳುತ್ತದೆಯೇ ನೋಡುತ್ತಾರೆ. ಪರೀಕ್ಷೆಗೆ ವಾರ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ಲ್ಯಾಬುಗಳು ಮಾರುವ ನೂರಾರು ವಸ್ತುಗಳ ರಕ್ತಪರೀಕ್ಷೆ ಪ್ಯಾಕೇಜಿನ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ವರದಿಯಲ್ಲಿ ಬದನೆಕಾಯಿ, ಹಾಲು, ಕಡಲೆಬೇಳೆ ಎಲ್ಲಕ್ಕೂ ಕೆಂಪು ಗುರುತು ಬಂದು, ಮನೆಯವರು ಮಗುವಿನ ತಟ್ಟೆಯಿಂದ ಅರ್ಧ ಊಟ ತೆಗೆದುಬಿಡುತ್ತಾರೆ. ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ, ತಿಂದಾಗ ತೊಂದರೆ ಆಗುತ್ತದೆಯೇ ಎನ್ನುವುದು ಮುಖ್ಯ. ಒಟ್ಟು ಐಜಿಇ ಸಂಖ್ಯೆ ಹೆಚ್ಚಿದೆ ಎಂದು ಗಾಬರಿಯಾಗುವವರಿಗೂ ಒಂದು ಮಾತು: ಹೊಟ್ಟೆಯಲ್ಲಿ ಜಂತುಹುಳವಿದ್ದರೂ ಅದು ಏರುತ್ತದೆ.

ಸ್ಪ್ರೇ, ಮಾತ್ರೆ, ಸ್ವಚ್ಛತೆ ಮೂರೂ ಸರಿಯಾಗಿ ಮಾಡಿಯೂ ಸೋತವರಿಗೆ ಇಮ್ಯುನೊಥೆರಪಿ ಇದೆ. ಯಾವುದರಿಂದ ಅಲರ್ಜಿಯೋ ಅದನ್ನೇ ಕಿಂಚಿತ್ ಪ್ರಮಾಣದಲ್ಲಿ ಸೂಜಿಯಲ್ಲೋ ನಾಲಿಗೆ ಕೆಳಗೋ ಕೊಡುತ್ತ, ದೇಹಕ್ಕೆ ಅದನ್ನು ಸಹಿಸುವುದು ಕಲಿಸುವ ಚಿಕಿತ್ಸೆ. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಇದನ್ನು ಶುರುಮಾಡಿದ. ಕಾಯಿಲೆಯ ಸ್ವಭಾವವನ್ನೇ ಬದಲಿಸುವ ಚಿಕಿತ್ಸೆ ಇದೊಂದೇ. ಮೂರರಿಂದ ಐದು ವರ್ಷ ಬೇಕು, ದುಡ್ಡೂ ಬೇಕು. ಸೂಜಿ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂರಬೇಕು, ಯಾಕೆಂದರೆ ಅಪರೂಪಕ್ಕೆ ಮೈಯೆಲ್ಲ ಪ್ರತಿಕ್ರಿಯೆ ಎದ್ದು ಪ್ರಾಣಕ್ಕೇ ಸಂಚಕಾರ ಬರಬಹುದು.

ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ಅದರಿಂದ ರಕ್ತ ಬರುತ್ತಿದ್ದರೆ, ವಾಸನೆ ಪೂರ್ತಿ ಹೋಗಿದ್ದರೆ, ಮುಖದ ನೋವಿನ ಜೊತೆ ಹಳದಿ ಸಿಂಬಳವಿದ್ದರೆ ಅದನ್ನು ಅಲರ್ಜಿಯ ಖಾತೆಗೆ ಹಾಕದೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಮೂಗಿಗಿಂತ ಎದೆಯ ವಿಷಯ ಇನ್ನೂ ಗಂಭೀರ. ಮೂಗು ಮತ್ತು ಶ್ವಾಸನಾಳ ಒಂದೇ ದಾರಿಯ ಎರಡು ತುದಿಗಳು, ಆಸ್ತಮಾ ಇರುವ ಬಹುಪಾಲು ಜನರಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು: ಆಸ್ತಮಾ ಇದ್ದವರು 1979ರಲ್ಲಿ ನೂರಕ್ಕೆ 9, 1999ರಲ್ಲಿ ನೂರಕ್ಕೆ 29.5. ಇದು ಆಸ್ಪತ್ರೆಯ ಲೆಕ್ಕವೇ ಹೊರತು ಊರಿನದಲ್ಲ, ಆದರೂ ದಿಕ್ಕು ಸ್ಪಷ್ಟವಾಗಿದೆ. ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಶಬ್ದ, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ತಡಮಾಡಬೇಡಿ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಚೀಟಿಯ ಜೊತೆ ನಿಮ್ಮ ಎಲ್ಲ ಬಾಟಲಿಗಳನ್ನೂ ತೆಗೆದುಕೊಂಡು ಹೋಗಿ, ಜೇಬಿನಲ್ಲಿರುವುದನ್ನೂ ಸೇರಿಸಿ. ಸ್ಪ್ರೇಯನ್ನು ಅವರೆದುರಿಗೇ ಒಮ್ಮೆ ಹೊಡೆದು ತೋರಿಸಿ. ಔಷಧ ಬದಲಿಸಿ ಎಂದು ಕೇಳುವುದು ಆಮೇಲೆ.